ಪಿಲರಿ: ನಾನು ತಪ್ಪಾಗಿ ಹೇಳಿಕೊಟ್ಟ ಪದ

ಹೈಸ್ಕೂಲಿನಲ್ಲಿ 22 ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. 'ಪಿಲರೀಡ್' ಅನ್ನೋ ಪದ ಬಂದಾಗಲೆಲ್ಲ ಬೋರ್ಡಿನ ಮೇಲೆ 'ತರಾಟೆಗೆ ತೆಗೆದುಕೊಂಡರು' ಎಂದು ಬರೆದು ಮುಂದೆ ಹೋಗಿದ್ದೇನೆ. ಮಕ್ಕಳೂ ಹಾಗೇ ಬರೆದುಕೊಂಡರು. ಆ ಪದದ ಹಿಂದಿನ ಕಥೆ ಓದಿದ ಮೇಲೆ ನಾನು ಹೇಳಿದ ಅರ್ಥ ಸಾಲದು ಅಂತ ಬಲವಾಗಿ ಅನ್ನಿಸಿದೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಪಿಲರಿ ಅಂದರೆ ತಪ್ಪು ಮಾಡಿದವರಿಗೆ ಶಿಕ್ಷೆ ಕೊಡಲು ಹಿಂದೆ ಇಂಗ್ಲೆಂಡಿನ ಸಂತೆ ಬೀದಿಗಳಲ್ಲಿ ನಿಲ್ಲಿಸುತ್ತಿದ್ದ ಒಂದು ಮರದ ಕಂಬ. ಅದರ ಮೇಲೆ ಅಡ್ಡಲಾಗಿ ಎರಡು ಹಲಗೆ. ಹಲಗೆಗಳು ಕೂಡುವ ಕಡೆ ಮೂರು ತೂತು. ನಡುವಿನದು ಕುತ್ತಿಗೆಗೆ, ಅಕ್ಕಪಕ್ಕದವು ಎರಡು ಕೈಗಳಿಗೆ. ಮೇಲಿನ ಹಲಗೆ ಇಳಿಸಿ ಬೀಗ ಹಾಕಿದರೆ ಮುಗಿಯಿತು. ಸಾಮಾನ್ಯವಾಗಿ ಒಂದು ಗಂಟೆ ಕಾಲ ಹಾಗೇ ನಿಲ್ಲಿಸುತ್ತಿದ್ದರು, ಅದೂ ಜನ ಜಾಸ್ತಿ ಸೇರುವ ಹೊತ್ತಿನಲ್ಲಿ. ಸುಳ್ಳು ಸಾಕ್ಷಿ ಹೇಳಿದವರು, ತೂಕದಲ್ಲಿ ಮೋಸ ಮಾಡಿದವರು, ಸರ್ಕಾರಕ್ಕೆ ಹಿಡಿಸದ್ದನ್ನು ಅಚ್ಚು ಹಾಕಿಸಿದವರು, ಹೀಗೆ ಎಲ್ಲ ಬಗೆಯವರೂ ಅಲ್ಲಿ ನಿಂತಿದ್ದಾರೆ. ಕಾಲು ಸಿಕ್ಕಿಸಿ ಕೂರಿಸುವ 'ಸ್ಟಾಕ್ಸ್' ಬೇರೆ. ಅದರಲ್ಲಿ ಕೈಗಳಾದರೂ ಬಿಡುವಾಗಿರುತ್ತಿದ್ದವು.

ಕೋರ್ಟು ಹೇಳುತ್ತಿದ್ದದ್ದು ಇವನನ್ನು ಇಷ್ಟು ಹೊತ್ತು ನಿಲ್ಲಿಸಿ ಅಂತ. ಉಳಿದದ್ದು ಜನರಿಗೆ ಬಿಟ್ಟಿದ್ದು. ಕೊಳೆತ ಮೊಟ್ಟೆ, ಕೆಸರು, ಸತ್ತ ಬೆಕ್ಕು, ಒಮ್ಮೊಮ್ಮೆ ಕಲ್ಲು. ಮುಖಕ್ಕೆ ಬರುವುದನ್ನು ತಡೆಯಲು ಕೈ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಒರೆಸಿಕೊಳ್ಳಲೂ ಕೈ ಇಲ್ಲ.

ಇದನ್ನು ಓದುವಾಗ ನನಗೆ ಐದನೇ ಕ್ಲಾಸು ನೆನಪಾಯಿತು. ಫೀಸು ಕಟ್ಟಿರಲಿಲ್ಲ ಅಂತ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನನ್ನನ್ನು ಕಟ್ಟೆ ಮೇಲೆ ನಿಲ್ಲಿಸಿದರು. ಸ್ಲೇಟಿನಲ್ಲಿ 'ಫೀಸು ಬಾಕಿ' ಎಂದು ಬರೆದು ಎರಡೂ ಕೈಯಲ್ಲಿ ಎತ್ತಿ ಹಿಡಿಯಲು ಹೇಳಿದರು. ಯಾರೂ ಹೊಡೆಯಲಿಲ್ಲ. ಮೇಷ್ಟ್ರು ಗದರಲೂ ಇಲ್ಲ. 'ಎಲ್ಲರೂ ನೋಡಿ' ಅಂದರು, ಅಷ್ಟೇ. ಅಳುತ್ತಿದ್ದೆ, ಮೂಗು ಸೋರುತ್ತಿತ್ತು. ಸ್ಲೇಟು ಇಳಿಸುವ ಹಾಗಿರಲಿಲ್ಲ. ಇವತ್ತು ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಅದನ್ನು ಮೊದಲ ಸಲ ಓದಿದ ದಿನ ನನಗೆ ತುಂಬಾ ಸಮಾಧಾನ ಆಗಿತ್ತು.

ಪಿಲರಿ ಅಂದಕೂಡಲೇ ಎಲ್ಲರೂ ಹೇಳುವ ಕಥೆ ಡೇನಿಯಲ್ ಡೆಫೋ ಅವರದು. ರಾಬಿನ್ಸನ್ ಕ್ರೂಸೋ ಬರೆದವರು. ಚರ್ಚಿನ ಜಗಳದ ಬಗ್ಗೆ ಒಂದು ಕಿರುಹೊತ್ತಗೆ ಬರೆದ ತಪ್ಪಿಗೆ 1703ರ ಜುಲೈ ಕೊನೆಯಲ್ಲಿ ಲಂಡನ್ನಿನಲ್ಲಿ ಮೂರು ದಿನ ಅವರನ್ನು ಪಿಲರಿಯಲ್ಲಿ ನಿಲ್ಲಿಸಿದರು. ಜನ ಕಲ್ಲಿನ ಬದಲು ಹೂವು ಎಸೆದರು ಅಂತ ಹೇಳುತ್ತಾರೆ. ಚೆನ್ನಾಗಿದೆ ಕಥೆ. ಆದರೆ ಎಲ್ಲರಿಗೂ ಹೂವು ಸಿಗಲಿಲ್ಲ ಅಲ್ವಾ?

1777ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸಿನಲ್ಲಿ ಪಿಲರಿಯಲ್ಲಿ ನಿಂತ ಆನ್ ಮ್ಯಾರೋ ಎಂಬ ಹೆಂಗಸಿಗೆ ಎರಡೂ ಕಣ್ಣು ಹೋದವು. ಗಂಡಸಿನ ವೇಷ ಹಾಕಿ ಹೆಂಗಸರನ್ನು ಮದುವೆಯಾಗಿದ್ದು ಅವಳ ಮೇಲಿದ್ದ ಆರೋಪ. 1756ರಲ್ಲಿ ಲಂಡನ್ನಿನದೇ ಸ್ಮಿತ್‌ಫೀಲ್ಡಿನಲ್ಲಿ ಈಗನ್ ಎಂಬುವನು ಕಲ್ಲೇಟಿಗೆ ಸತ್ತೇಹೋದ. ಬಹುಮಾನದ ಹಣಕ್ಕಾಗಿ ಬೇರೆಯವರನ್ನು ಕಳ್ಳತನಕ್ಕೆ ಸಿಕ್ಕಿಸಿ ಹಿಡಿದುಕೊಡುತ್ತಿದ್ದ ಗುಂಪಿನವನು ಅವನು. ಅವನ ತಪ್ಪು ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಯಾವ ನ್ಯಾಯಾಧೀಶರೂ ಅವನಿಗೆ ಮರಣದಂಡನೆ ಕೊಟ್ಟಿರಲಿಲ್ಲ.

ನನ್ನನ್ನು ತುಂಬಾ ಕಾಡಿದ್ದು 1780ರ ಘಟನೆ. ಸದರ್ಕ್‌ನಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದ ಒಬ್ಬನನ್ನು ಪಿಲರಿಗೆ ಹಾಕಿದರು. ಗಂಡಸರ ನಡುವಿನ ಸಂಬಂಧ ಅವನ ಅಪರಾಧ. ಆತ ಕುಳ್ಳ. ತೂತಿನ ಎತ್ತರಕ್ಕೆ ಅವನ ಕುತ್ತಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಅವನು ನಿಂತಿರಲಿಲ್ಲ, ನೇತಾಡುತ್ತಿದ್ದ. ಅಲ್ಲೇ ಉಸಿರುಕಟ್ಟಿ ಸತ್ತ. ಆ ಏಪ್ರಿಲ್‌ನಲ್ಲಿ ಸಂಸದ ಎಡ್ಮಂಡ್ ಬರ್ಕ್ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಈ ಸಾವಿನ ಬಗ್ಗೆ ಮಾತಾಡಿದರು. ನಾಚಿಕೆ ಆಗಲಿ ಅಂತ ಕೊಟ್ಟ ಶಿಕ್ಷೆ ಸಾವೇ ಆಗಿಬಿಟ್ಟರೆ ಹೇಗೆ ಅನ್ನುವುದು ಅವರ ವಾದ. ಅಂಥವರ ಪರ ಮಾತಾಡಿದರು ಅಂತ ಪತ್ರಿಕೆಗಳು ಬರ್ಕ್ ಅವರನ್ನೇ ಹೀಯಾಳಿಸಿದವು. ಆದರೂ ಅವರು ಮಾತಾಡಿದರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಪದ್ಧತಿ ನಿಲ್ಲಲು ಇನ್ನೂ ಬಹಳ ವರ್ಷ ಹಿಡಿಯಿತು. 1816ರಲ್ಲಿ ಸುಳ್ಳು ಸಾಕ್ಷಿಯಂಥ ಅಪರಾಧಕ್ಕೆ ಮಾತ್ರ ಅಂತ ಮಾಡಿದರು. 1830ರಲ್ಲಿ ಲಂಡನ್ನಿನಲ್ಲಿ ಕೊನೆಯ ಬಾರಿ ಒಬ್ಬ ನಿಂತ. 1837ರಲ್ಲಿ ಪೂರ್ತಿ ರದ್ದಾಯಿತು. ಪದ ಮಾತ್ರ ಉಳಿಯಿತು.

ಈಗ ಇಂಗ್ಲಿಷ್ ಪೇಪರುಗಳು ಸುಮ್ನೆ ಯಾರಿಗೆ ಬೇಕಾದರೂ ಈ ಪದ ಹಾಕುತ್ತವೆ. ಸದನದಲ್ಲಿ ವಿರೋಧ ಪಕ್ಷ ಸಚಿವರನ್ನು ಪ್ರಶ್ನೆ ಕೇಳಿದರೂ 'ಪಿಲರೀಡ್'. ನನಗೆ ಇದು ಸರಿ ಕಾಣುವುದಿಲ್ಲ. ಸಚಿವರ ಮುಂದೆ ಮೈಕು ಇದೆ. ಉತ್ತರ ಕೊಡಲು ಸಮಯ ಇದೆ, ಮಾರನೇ ದಿನ ಪತ್ರಿಕಾಗೋಷ್ಠಿ ಇದೆ. ಅದು ತರಾಟೆ. ಅಧಿಕಾರದಲ್ಲಿ ಇರುವವರಿಗೆ ಆಗಲೇಬೇಕಾದದ್ದು. ಅದನ್ನು ಪಿಲರಿ ಎಂದು ಕರೆದರೆ ಪ್ರಶ್ನೆ ಕೇಳಿದವರೇ ಕಲ್ಲು ಹೊಡೆದವರ ಹಾಗೆ ಕಾಣುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಇಲ್ಲಿದ್ದೀರಿ. ನೋಟ್‌ಬುಕ್ ಈಗ ಯಾರ ಹತ್ತಿರವೂ ಇರಲಿಕ್ಕಿಲ್ಲ. ಮನಸ್ಸಿನಲ್ಲೇ ತಿದ್ದಿಕೊಳ್ಳಿ ಮಕ್ಕಳೇ. ಪಿಲರಿ ಅಂದರೆ ಕೈ ಕಟ್ಟಿಹಾಕಿದವರನ್ನು ಜನರ ಮುಂದೆ ನಿಲ್ಲಿಸಿ, ಬೇಕಾದದ್ದು ಮಾಡಿ ಅಂತ ಬಿಟ್ಟುಬಿಡುವುದು. ಇದನ್ನು ಅವತ್ತೇ ಹೇಳಿಕೊಡಬೇಕಿತ್ತು.