ಎಮ್ಯುಲೇಟರ್ ತೆರೆಯದಿದ್ದರೆ ‘ಸುಡೊ’ ಮದ್ದಲ್ಲ

‘ಉಬುಂಟುವಿನಲ್ಲಿ ಗೇಮ್ ಎಮ್ಯುಲೇಟರ್‌ನ ಆ್ಯಪ್‌ಇಮೇಜ್ ಫೈಲ್ ತೆರೆಯದಿದ್ದರೆ ಸುಡೊ ಹಾಕಿ ಓಡಿಸಿ’ ಎಂಬ ಸಲಹೆ ಹರಿದಾಡುತ್ತಿದೆ. (ಎಮ್ಯುಲೇಟರ್ ಎಂದರೆ ಗೇಮ್ ಕನ್ಸೋಲ್‌ನ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಪ್ರೋಗ್ರಾಂ; ಆ್ಯಪ್‌ಇಮೇಜ್ ಎಂದರೆ ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸುವ ಲಿನಕ್ಸ್ ಪ್ರೋಗ್ರಾಂ ಫೈಲ್; ಸುಡೊ ಎಂದರೆ ‘ರೂಟ್’, ಅಂದರೆ ಪೂರ್ಣ ಅಧಿಕಾರದ ನಿರ್ವಾಹಕ ಖಾತೆಯ ಹೆಸರಲ್ಲಿ ಓಡಿಸುವ ಆದೇಶ.) ಈ ಸಲಹೆ ತಪ್ಪು.

ಮೊದಲು ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಅದನ್ನು ಪ್ರೋಗ್ರಾಂ ಆಗಿ ಓಡಿಸಲು ಅನುಮತಿ ಕೊಡಿ. ಆಗಲೂ ಏಳದಿದ್ದರೆ ಟರ್ಮಿನಲ್‌ನಿಂದ (ಆದೇಶ ಟೈಪ್ ಮಾಡುವ ಕಿಟಕಿ) ಓಡಿಸಿ, ದೋಷದ ಸಾಲು ಓದಿ (ಯಾರೂ ಓದುವುದಿಲ್ಲ, ಅದೇ ತೊಂದರೆ). ಅದರಲ್ಲಿ ‘ಫ್ಯೂಸ್’ (FUSE) ಎಂದಿದ್ದರೆ ಕೊರತೆ ಲೈಬ್ರರಿಯದು, ಅಂದರೆ ಪ್ರೋಗ್ರಾಂ ಬಳಸುವ ಸಹಾಯಕ ಫೈಲ್‌ನದು; ಹಳೆಯ ಆ್ಯಪ್‌ಇಮೇಜ್‌ಗಳಿಗೆ ಬೇಕಾದ ಫ್ಯೂಸ್ 2 ಲೈಬ್ರರಿ ಉಬುಂಟು 22.04ರಿಂದ ತಾನಾಗಿ ಬರುವುದಿಲ್ಲ. 22.04ರಲ್ಲಿ ‘ಲಿಬ್‌ಫ್ಯೂಸ್2’ (libfuse2), 24.04ರಲ್ಲಿ ‘ಲಿಬ್‌ಫ್ಯೂಸ್2ಟಿ64’ (libfuse2t64) ಪ್ಯಾಕೇಜ್ ಹಾಕಿಕೊಳ್ಳಿ. ಬರೀ ‘ಫ್ಯೂಸ್’ ಪ್ಯಾಕೇಜ್ ಹಾಕಬೇಡಿ, ಅದು ಫ್ಯೂಸ್ 3 ತೆಗೆದುಹಾಕಿ ಡೆಸ್ಕ್‌ಟಾಪನ್ನೇ ಕೆಡಿಸಬಹುದು.

ಸುಡೊದಿಂದ ಓಡಿಸಿದರೆ ಸೆಟ್ಟಿಂಗ್, ಸೇವ್ ಫೈಲ್‌ಗಳು ರೂಟ್ ಒಡೆತನಕ್ಕೆ ಇಲ್ಲವೇ ರೂಟ್‌ನ ಫೋಲ್ಡರ್‌ಗೆ ಹೋಗಬಹುದು. ಮರುದಿನ ಮಾಮೂಲಿಯಾಗಿ ತೆರೆದಾಗ ನೀವು ಉಳಿಸಿದ ಆಟ ನಿಮಗೇ ಸಿಗದಿರಬಹುದು.