ಮೈದಾನದಲ್ಲಿ ರಾಜಕೀಯ ನಿಲುವು: ಆಟಗಾರರಿಗೆ ಅವಕಾಶವಿರಬೇಕೆ?

ಪರ

2003ರ ಫೆಬ್ರುವರಿ 10ರಂದು ಹರಾರೆಯಲ್ಲಿ ನಡೆದ ಕ್ರಿಕೆಟ್ ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆಯ ಆಂಡಿ ಫ್ಲವರ್ ಮತ್ತು ಹೆನ್ರಿ ಒಲಾಂಗ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು. ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಈ ಶೋಕ ಅದಕ್ಕಾಗಿ ಎಂದು ಅವರು ಲಿಖಿತ ಹೇಳಿಕೆಯಲ್ಲಿ ತಿಳಿಸಿದ್ದರು. ಅಂದಿನ ಅಧ್ಯಕ್ಷ ರಾಬರ್ಟ್ ಮುಗಾಬೆ ಆಡಳಿತದ ಬಗ್ಗೆ ಇದೇ ಮಾತನ್ನು ಊರಿನ ಸಭೆಯೊಂದರಲ್ಲಿ ಆಡಿದ್ದರೆ ಅದು ಅಲ್ಲಿಯೇ ಅಡಗಿಹೋಗುತ್ತಿತ್ತು. ವಿಶ್ವಕಪ್ ಪಂದ್ಯವಾದ್ದರಿಂದಲೇ ಅದು ಜಗತ್ತಿಗೆ ಕೇಳಿಸಿತು. ಇಬ್ಬರ ಅಂತರರಾಷ್ಟ್ರೀಯ ಆಟವೂ ಆ ಟೂರ್ನಿಯೊಂದಿಗೆ ಮುಗಿಯಿತು, ಜಿಂಬಾಬ್ವೆ ಪರ ಆಡಿದ ಮೊದಲ ಕಪ್ಪು ವರ್ಣೀಯರಾದ ಒಲಾಂಗ ಜೀವಬೆದರಿಕೆಯಿಂದಾಗಿ ದೇಶವನ್ನೇ ತೊರೆದರು. ಇಷ್ಟು ಬೆಲೆ ತೆತ್ತು ಆಡಿದ ಮಾತನ್ನು ಆಟಕ್ಕೆ ಸಂಬಂಧವಿಲ್ಲದ್ದೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಆಟ ರಾಜಕೀಯದಿಂದ ದೂರವಿರಬೇಕೆಂಬ ನೀತಿಯನ್ನು ಆಳುವವರೇ ಪಾಲಿಸಿಲ್ಲ. ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಭಾರತ 1974ರ ಡೇವಿಸ್ ಕಪ್ ಟೆನಿಸ್ ಫೈನಲ್ ಅನ್ನೇ ದಕ್ಷಿಣ ಆಫ್ರಿಕಾಕ್ಕೆ ಬಿಟ್ಟುಕೊಟ್ಟಿತು, ಮತ್ತು ಅದು ಸರಿಯಾಗಿಯೇ ಇತ್ತು. ಸರ್ಕಾರಕ್ಕಿರುವ ಈ ಹಕ್ಕು ಆಟಗಾರನಿಗೇಕೆ ಇಲ್ಲ? 2023ರಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖ್ವಾಜಾ ಗಾಜಾ ಯುದ್ಧದ ಹಿನ್ನೆಲೆಯಲ್ಲಿ ಪರ್ತ್ ಟೆಸ್ಟಿಗೆ ಮುನ್ನ ಶೂ ಮೇಲೆ ಬರೆದುಕೊಂಡಿದ್ದು ‘ಎಲ್ಲ ಜೀವಗಳೂ ಸಮಾನ’ ಎಂಬ ಮಾತನ್ನು. 2021ರ ಟಿ20 ವಿಶ್ವಕಪ್‌ನಲ್ಲಿ ತಂಡಗಳು ವರ್ಣಭೇದದ ವಿರುದ್ಧ ಮಂಡಿಯೂರಲು ಅಡ್ಡಿಪಡಿಸದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಈ ಮಾತಿಗೆ ಅವಕಾಶ ಕೊಡಲಿಲ್ಲ.

ವಿರೋಧ

ಅದೇ ಟಿ20 ವಿಶ್ವಕಪ್‌ನ ಇನ್ನೊಂದು ಮುಖವನ್ನೂ ನೋಡಬೇಕು. ಎಲ್ಲ ಆಟಗಾರರೂ ಕಡ್ಡಾಯವಾಗಿ ಮಂಡಿಯೂರಬೇಕೆಂದು ದಕ್ಷಿಣ ಆಫ್ರಿಕಾದ ಕ್ರಿಕೆಟ್ ಮಂಡಳಿ ವೆಸ್ಟ್ ಇಂಡೀಸ್ ಪಂದ್ಯದ ದಿನವೇ ಆದೇಶಿಸಿತು. ಕ್ವಿಂಟನ್ ಡಿ ಕಾಕ್ ಆ ಪಂದ್ಯದಿಂದ ಹಿಂದೆ ಸರಿದರು, ಎರಡು ದಿನಗಳ ನಂತರ ಕ್ಷಮೆ ಯಾಚಿಸಿದರು. ಅವರ ಮಲತಾಯಿ ಕಪ್ಪು ವರ್ಣೀಯರು. ವರ್ಣಭೇದವನ್ನು ದ್ವೇಷಿಸಲು ಅವರಿಗೆ ಮಂಡಳಿಯ ಪಾಠ ಬೇಕಿರಲಿಲ್ಲ. ಮೈದಾನದಲ್ಲಿ ನಿಲುವು ಪ್ರಕಟಿಸುವುದು ರೂಢಿಯಾದರೆ ಸುಮ್ಮನಿರುವವನೂ ತಪ್ಪಿತಸ್ಥನಾಗುತ್ತಾನೆ ಎಂಬುದೇ ನನ್ನ ಮುಖ್ಯ ಆತಂಕ, ಏಕೆಂದರೆ ತಂಡದಲ್ಲಿ ಸ್ಥಾನ ಉಳಿಸಿಕೊಳ್ಳಬೇಕಾದ ಹೊಸ ಹುಡುಗನೊಬ್ಬ ಹಿರಿಯರ ಎದುರು ‘ನಾನು ಒಲ್ಲೆ’ ಎನ್ನಲಾರ.

ಇನ್ನು, ಯಾವುದು ಒಳ್ಳೆಯ ಸಂದೇಶವೆಂದು ತೀರ್ಮಾನಿಸುವವರು ಯಾರು? ಖ್ವಾಜಾಗೆ ಅವಕಾಶ ಕೇಳುವವರು 2019ರ ವಿಶ್ವಕಪ್‌ನಲ್ಲಿ ಧೋನಿಯ ಕೈಗವಸಿನ ಮೇಲಿದ್ದ ಸೇನಾ ಲಾಂಛನಕ್ಕೂ ಒಪ್ಪಬೇಕಾಗುತ್ತದೆ, ಅದನ್ನು ಸಮರ್ಥಿಸಿದವರು ಖ್ವಾಜಾರನ್ನೂ ಒಪ್ಪಬೇಕಾಗುತ್ತದೆ. ಐಸಿಸಿ ಇಬ್ಬರನ್ನೂ ತಡೆದದ್ದು ನ್ಯಾಯವೇ. ಅದು ಎಡವಿದ್ದು ಅದೇ 2019ರಲ್ಲಿ ರಾಂಚಿಯಲ್ಲಿ ಇಡೀ ಭಾರತ ತಂಡಕ್ಕೆ ಸೇನಾ ಮಾದರಿಯ ಟೋಪಿ ಧರಿಸಲು ಅನುಮತಿ ಕೊಟ್ಟಾಗ. ಖ್ವಾಜಾ ತಮ್ಮ ಮಾತನ್ನು ಮೈದಾನದ ಹೊರಗೆ ವಿಡಿಯೊ ಮೂಲಕ ಸ್ಪಷ್ಟವಾಗಿಯೇ ಹೇಳಿದರು. ಆ ಹಕ್ಕಿಗೆ ಯಾವ ಮಂಡಳಿಯೂ ಕೈಹಾಕಬಾರದು.