ಕಾಡು ಎಲ್ಲರದ್ದು ಸರಿ, ದಾರಿ ಯಾರ್ದು?

ಎಲ್ಕ್ ಅನ್ನೋ ದೊಡ್ಡ ಜಾತಿ ಜಿಂಕೆ ಬೇಟೆಗೆ ಹೋಗ್ಬೇಕು ಅನ್ನೋ ನಮ್ಮ ಹುಡುಗ್ರು ಮೊದ್ಲು ಕೇಳೋದೇ ಯಾವ ರೈಫಲ್, ಯಾವ ಸ್ಕೋಪ್ ಅಂತ. ಅದೆಲ್ಲ ಆಮೇಲೆ ಮಾರಾಯ್ರೇ, ಮೊದ್ಲು ದಾರಿ ನೋಡಿ. ನಾನಿರೋ ಕೊಲರಾಡೋದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಎಲ್ಕ್ ಇವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಮ್ಯಾಪ್ ತೆಗೆದ್ರೆ ನ್ಯಾಷನಲ್ ಫಾರೆಸ್ಟ್ ಹಸಿರು, ಬಿಎಲ್‌ಎಂ ಅನ್ನೋ ಫೆಡರಲ್ ಭೂಮಿ ಇಲಾಖೆ ಜಾಗ ಹಳದಿ, ಕಣ್ಣು ಹಾಯಿಸಿದಷ್ಟೂ ಪಬ್ಲಿಕ್ ಲ್ಯಾಂಡೇ, ಎಲ್ಲಿಂದ ಬೇಕಾದ್ರೂ ನುಗ್ಗಬಹುದು ಅನ್ಸುತ್ತೆ, ಆದ್ರೆ ಗಾಡಿ ತಗೊಂಡು ಹೋದ್ರೆ ಡಾಂಬರು ಮುಗಿದು ಜಲ್ಲಿ ರಸ್ತೆ ಶುರುವಾದ ಸ್ವಲ್ಪ ದೂರದಲ್ಲೇ ಕಬ್ಬಿಣದ ಗೇಟು, ಸರಪಳಿ, ಬೀಗ. ಆಚೆ ಕಾಡು ಕಾಣ್ತಾ ಇರುತ್ತೆ, ನಡುವೆ ಖಾಸಗಿ ಜಮೀನು, ಹೋಗೋ ಹಾಗಿಲ್ಲ.

ಇಂಥ ದಾರಿಯಿಲ್ಲದ ಫೆಡರಲ್ ಜಾಗ ಪಶ್ಚಿಮದ ರಾಜ್ಯಗಳಲ್ಲಿ ಸುಮಾರು 95 ಲಕ್ಷ ಎಕರೆ ಇದೆ ಅಂತ 2018ರಲ್ಲಿ ಆನ್‌ಎಕ್ಸ್ ಅನ್ನೋ ಮ್ಯಾಪ್ ಆಪ್‌ನೋರು ಸೇರಿ ಲೆಕ್ಕ ತೆಗೆದ್ರು. ನಮ್ಮೂರ ಕಡೆ ನಕಾಶೆ ಕಂಡ ದಾರಿಗೆ ಯಾರಾದ್ರೂ ಬೇಲಿ ಹಾಕಿದ್ರೆ ತಹಶೀಲ್ದಾರ್ ಹತ್ರ ಓಡ್ತೀವಲ್ಲ, ಇಲ್ಲಿ ಎಷ್ಟೋ ಕಡೆ ನಕಾಶೆಯಲ್ಲೇ ದಾರಿ ಇಲ್ಲ.

ವಯೋಮಿಂಗ್ ಕಥೆ ಎಲ್ರಿಗೂ ಗೊತ್ತಿರ್ಬೇಕು. 1860ರ ದಶಕದಲ್ಲಿ ರೈಲು ಹಾಕಿಸೋಕೆ ಸರ್ಕಾರ ಹಳಿಯ ಎರಡೂ ಕಡೆ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿ ಅಂತ ಕಂಪನಿಗೆ ಜಮೀನು ಕೊಡ್ತು, ಒಂದು ತುಂಡು ಖಾಸಗಿ, ಪಕ್ಕದ್ದು ಪಬ್ಲಿಕ್, ಚೆಸ್ ಬೋರ್ಡ್ ಥರ ಆಗೋಯ್ತು. 2021ರಲ್ಲಿ ಮಿಸೌರಿಯ ನಾಲ್ಕು ಜನ ಬೇಟೆಗಾರರು ಎಲ್ಕ್ ಮೌಂಟನ್ ಹತ್ರ ನಾಲ್ಕು ತುಂಡು ಸೇರೋ ಮೂಲೆಯಲ್ಲಿ ಏಣಿ ಇಟ್ಟು, ಖಾಸಗಿ ನೆಲಕ್ಕೆ ಕಾಲೇ ತಾಗಿಸದೆ ಒಂದು ಪಬ್ಲಿಕ್ ತುಂಡಿಂದ ಇನ್ನೊಂದಕ್ಕೆ ದಾಟಿದ್ರು. ಅದಕ್ಕೂ ಕೇಸು! ಕ್ರಿಮಿನಲ್ ಕೇಸಲ್ಲಿ ಜ್ಯೂರಿ ಬಿಟ್ಟಮೇಲೂ ಸಿವಿಲ್ ಕೇಸು ನಡೀತಾನೇ ಇತ್ತು. 2025ರ ಮಾರ್ಚ್‌ನಲ್ಲಿ ಅಪೀಲು ಕೋರ್ಟು ಪಬ್ಲಿಕ್ ಜಾಗಕ್ಕೆ ಹೋಗೋರನ್ನ ತಡೀಬಾರ್ದು ಅನ್ನೋ 1885ರ ಬೇಲಿ ಕಾನೂನು ಇಟ್ಕೊಂಡು ಬೇಟೆಗಾರರ ಪರ ತೀರ್ಪು ಕೊಡ್ತು, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಜಮೀನು ಮಾಲೀಕರ ಅರ್ಜಿ ತಗೊಳ್ಲೇ ಇಲ್ಲ. ನನಗಂತೂ ಹಬ್ಬ. ಆದ್ರೆ ಹುಷಾರು, ಈ ತೀರ್ಪು ಕೊಲರಾಡೋ, ವಯೋಮಿಂಗ್, ಯೂಟಾ ಸೇರಿ ಆರು ರಾಜ್ಯಕ್ಕೆ ಮಾತ್ರ, ಮೊಂಟಾನಾಗೆ ಇಲ್ಲ.

ದನ ಸಾಕೋ ದೊಡ್ಡ ಜಮೀನಿನ ಮಾಲೀಕರು, ಅಂದ್ರೆ ರ‍್ಯಾಂಚ್‌ನೋರ ಸಿಟ್ಟೂ ಸುಳ್ಳಲ್ಲ, ಗೇಟ್ ತೆಗೆದು ಹಾಗೇ ಬಿಟ್ಟು ಹೋಗೋರಿದ್ದಾರೆ, ದನ ಆಚೆ ಹೋದ್ರೆ ಅವರ ಕಥೆ ಮುಗೀತು. ಮುಚ್ಚಿದ್ದ ಗೇಟು ಮುಚ್ಚೇ ಬನ್ನಿ. ಆದ್ರೆ ಅದಕ್ಕೂ ಎಲ್ಲರ ಆಸ್ತಿಗೆ ಒಬ್ಬರೇ ಬೀಗ ಹಾಕ್ಕೊಂಡು ಕೂರೋದಕ್ಕೂ ಏನ್ ಸಂಬಂಧ?

ಇನ್ನು ಕ್ಯಾಂಪು. ಫಾರೆಸ್ಟ್ ಸರ್ವೀಸ್‌ನ ಮೋಟಾರ್ ವೆಹಿಕಲ್ ಮ್ಯಾಪ್ ಫ್ರೀ ಸಿಗುತ್ತೆ, ಯಾವ ರಸ್ತೆ ಯಾವ ತಿಂಗಳು ಓಪನ್, ರಸ್ತೆ ಬಿಟ್ಟು ಎಷ್ಟು ದೂರ ಗಾಡಿ ಇಳಿಸಬಹುದು ಎಲ್ಲ ಅದ್ರಲ್ಲೇ ಇದೆ, ಹೆಚ್ಚಿನ ಕಡೆ 14 ದಿನ ಟೆಂಟ್ ಹಾಕ್ಬಹುದು, ದುಡ್ಡಿಲ್ಲ. ನೀರಿಂದ 200 ಅಡಿ ದೂರ ಇರಿ. ಹಳೇ ಬೆಂಕಿಗೂಡು, ಸುತ್ತ ಕಲ್ಲು, ತುಳಿದು ಗಟ್ಟಿಯಾದ ನೆಲ ಕಂಡ್ರೆ ಅಲ್ಲೇ ಹಾಕಿ, ಹೊಸ ಹುಲ್ಲು ಹಾಳು ಮಾಡ್ಬೇಡಿ. ದಯವಿಟ್ಟು ಸಂಜೆ ಎಲ್ಕ್ ಮೇಯೋಕೆ ಇಳಿಯೋ ಹುಲ್ಲುಗಾವಲಲ್ಲೇ ಜನರೇಟರ್ ಹಾಕ್ಕೊಂಡು ಕೂರ್ಬೇಡಿ, ಅವು ರಾತ್ರೋರಾತ್ರಿ ಗುಡ್ಡ ದಾಟಿ ಖಾಸಗಿ ಜಮೀನು ಸೇರ್ಕೊಳ್ಳುತ್ವೆ, ಆಮೇಲೆ ಯಾರಿಗೂ ಇಲ್ಲ. ಒಂದೆರಡು ಮೈಲಿ ಹಿಂದೇನೇ ಉಳಿದು ಕತ್ತಲಲ್ಲೇ ನಡೀರಿ. ಅಕ್ಟೋಬರಲ್ಲಿ ಹತ್ತು ಸಾವಿರ ಅಡಿ ಮೇಲೆ ಒಂದೇ ರಾತ್ರಿಗೆ ಹಿಮ ಬಿದ್ದು ಒಣಗಿದ್ದ ಮಣ್ಣಿನ ರಸ್ತೆ ಗಾಲಿ ಹಿಡ್ಕೊಳ್ಳೋ ಕೆಸರಾಗುತ್ತೆ, ಗಾಲಿಗೆ ಹಾಕೋ ಚೈನ್ ಇಲ್ದೆ ಹತ್ತಲೇಬೇಡಿ.

2025ರ ಜೂನಲ್ಲಿ ಇದೇ ಪಬ್ಲಿಕ್ ಲ್ಯಾಂಡಲ್ಲಿ ಲಕ್ಷಗಟ್ಟಲೆ ಎಕರೆ ಮಾರೋ ಪ್ರಸ್ತಾಪ ಸೆನೆಟ್‌ಗೆ ಬಂತು, ಬೇಟೆಗಾರರು, ಚಾರಣದೋರು ಪಕ್ಷ ನೋಡದೆ ಗಲಾಟೆ ಮಾಡಿದ್ಮೇಲೆ ವಾಪಸ್ ತಗೊಂಡ್ರು. ಮಾರೋ ಯೋಚನೆ ಬಿಡಿ, ಫೆಡರಲ್ ಕನ್ಸರ್ವೇಶನ್ ಫಂಡ್‌ಗೆ ವರ್ಷಕ್ಕೆ 90 ಕೋಟಿ ಡಾಲರ್ ಬರುತ್ತಲ್ಲ, ಅದ್ರಲ್ಲಿ 3% ಇಂಥ ದಾರಿಗಳಿಗೇ ಅಂತ 2019ರ ಕಾನೂನಲ್ಲಿದೆ, ಅದನ್ನ ಹೆಚ್ಚು ಮಾಡ್ಲಿ, ಕೊಡೋಕೆ ಒಪ್ಪೋ ರ‍್ಯಾಂಚ್‌ನೋರಿಗೆ ಒಳ್ಳೇ ಬೆಲೆ ಕೊಟ್ಟು ದಾರಿ ಕೊಂಡ್ಕೊಳ್ಲಿ.